ಟವರಿಗೆ ಗುಂಡಿ ತೋಡುವ ಮೊದಲು: ಪುರಾತತ್ವ ಪ್ರಭಾವ ಮೌಲ್ಯಮಾಪನ ಸೇವೆಯೊಂದರ ವಿಮರ್ಶೆ

ಕೊಪ್ಪಳ, ಗದಗ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಬಯಲಿನಲ್ಲಿ ಗಾಳಿಯಂತ್ರಗಳೂ ಸೌರ ಫಲಕಗಳೂ ಹೆಚ್ಚಿದಂತೆಲ್ಲ, ಅಲ್ಲಿ ತಯಾರಾದ ವಿದ್ಯುತ್ತನ್ನು ಉಪಕೇಂದ್ರಗಳಿಗೆ ಸಾಗಿಸುವ ಹೊಸ ಪ್ರಸರಣ ಮಾರ್ಗಗಳೂ ಹೆಚ್ಚುತ್ತಿವೆ. ಈ ಮಾರ್ಗಗಳು ಹಾಯ್ದುಹೋಗುವ ನೆಲದಲ್ಲೇ ಅಶೋಕನ ಬಂಡೆ ಶಾಸನಗಳು, ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬಗಳು, ಬೃಹತ್ ಶಿಲಾಗೋರಿಗಳು, ಕಲ್ಯಾಣ ಚಾಲುಕ್ಯರಿಂದ ವಿಜಯನಗರದವರೆಗಿನ ಗುಡಿ, ಕೋಟೆ, ವೀರಗಲ್ಲುಗಳು ಇವೆ. ಟವರ್ ನಿಲ್ಲಿಸುವ ಮೊದಲು ಇವುಗಳಿಗೆ ಆಗಬಹುದಾದ ಹಾನಿಯನ್ನು ಅಂದಾಜು ಮಾಡಿಕೊಡುತ್ತೇವೆಂದು ಹೇಳುವ ಸಲಹಾ ಸಂಸ್ಥೆಗಳು ಈಗ ಅಲ್ಲಲ್ಲಿ ಸಿಗುತ್ತವೆ. ಮಾರ್ಗ ಸಮೀಕ್ಷೆಯ ಕೆಲಸದಲ್ಲಿರುವ ನಾನು, ಕೊಪ್ಪಳ ಜಿಲ್ಲೆಯಲ್ಲಿ ಹಾಯುವ 220 ಕೆ.ವಿ. ಜೋಡಿ ಸರ್ಕ್ಯೂಟಿನ (ಒಂದೇ ಟವರು ಸಾಲಿನ ಮೇಲೆ ಎರಡು ಜೊತೆ ತಂತಿಗಳಿರುವ) ಒಂದು ಮಾರ್ಗಕ್ಕಾಗಿ ಅಂಥ ಸಂಸ್ಥೆಯೊಂದರ ಸೇವೆಯನ್ನು ಆರಂಭದಿಂದ ಮುಗಿಯುವವರೆಗೆ ಹತ್ತಿರದಿಂದ ನೋಡಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಸೇವೆಯನ್ನು ಕೊಳ್ಳುವವರು ಏನನ್ನು ಕೇಳಿ ಪಡೆಯಬೇಕು, ಯಾವುದಕ್ಕೆ ದುಡ್ಡು ಕೊಡಬಾರದು ಎಂಬುದಷ್ಟೇ ಈ ವಿಮರ್ಶೆಯ ಉದ್ದೇಶ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಹೊಲದಲ್ಲಿ ನಡೆದ ಕಾಲ್ನಡಿಗೆಯ ಸಮೀಕ್ಷೆಯಿಂದ. ಗ್ರಂಥಾಲಯದ ಕೆಲಸ ಅರೆಬರೆಯಾಗಿತ್ತು, ಟವರುಗಳು ಎಲ್ಲಿಂದ ಹೇಗೆ ಕಾಣುತ್ತವೆಂಬ ದೃಶ್ಯದ ಅಧ್ಯಯನ ನೋಡಲು ಚೆಂದವಿದ್ದರೂ ತಪ್ಪು ಜಾಗದಿಂದ ಮಾಡಿದ್ದಾಗಿತ್ತು, ನೆಲೆಗಳಿಗೆ ದರ್ಜೆ ಕೊಡುವ ಕೊನೆಯ ಅಂಕಪಟ್ಟಿಯಿಂದ ಉಪಯೋಗಕ್ಕಿಂತ ಅಪಾಯವೇ ಹೆಚ್ಚು. ಇಂಥ ವರದಿಯನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಮಾನದಂಡ: ವರದಿ ಕೈಸೇರಿದ ಮೇಲೆ ನಕ್ಷೆಯಲ್ಲಿ ಒಂದಾದರೂ ಟವರ್ ತನ್ನ ಜಾಗದಿಂದ ಸರಿಯಿತೇ, ಇಲ್ಲವೇ?

ಕಾನೂನು ಈ ಸೇವೆಯನ್ನು ಕಡ್ಡಾಯ ಮಾಡಿದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವ ಬೇರೆಯೇ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಪ್ರಸರಣ ಮಾರ್ಗಗಳಿಲ್ಲ. ಕಾಡು ಸಿಕ್ಕರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಡಿಲ್ಲದ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಅದೂ ಬೇಡ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಅದೇ ತಿದ್ದುಪಡಿ ‘ನಿರ್ಮಾಣ’ ಎಂದರೇನೆಂದು ವಿವರಿಸುವಾಗ, ಸಾರ್ವಜನಿಕರಿಗೆ ವಿದ್ಯುತ್ ಪೂರೈಸುವ, ವಿತರಿಸುವ ಕಾಮಗಾರಿಯನ್ನು ಆ ವಿವರಣೆಯಿಂದ ಹೊರಗಿಟ್ಟಿದೆ. ಖಾಸಗಿ ಸ್ಥಾವರವೊಂದರಿಂದ ಉಪಕೇಂದ್ರಕ್ಕೆ ಹೋಗುವ ಅಧಿಕ ಒತ್ತಡದ ಮಾರ್ಗ ಈ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದು ವಕೀಲರು ಗಂಟೆಗಟ್ಟಲೆ ವಾದಿಸಬಹುದಾದ ವಿಷಯ. ಎಚ್ಚರವುಳ್ಳವರು ವಾದಕ್ಕೆ ಹೋಗದೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕುತ್ತಾರೆ, ಇಲ್ಲವೇ 300 ಮೀಟರಿನ ಆಚೆಯೇ ಮಾರ್ಗ ಎಳೆಯುತ್ತಾರೆ. ಕರ್ನಾಟಕದಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕಗಳು ಐನೂರರ ಆಸುಪಾಸಿನಲ್ಲಿವೆ. ಪಟ್ಟಿಯ ಹೊರಗೆ ಹೊಲ, ಹಳ್ಳ, ಗುಡ್ಡಗಳಲ್ಲಿ ಉಳಿದಿರುವ ನೆಲೆಗಳ ಸಂಖ್ಯೆ ಇದರ ಎಷ್ಟೋ ಪಟ್ಟು. ಅವುಗಳ ಪರವಾಗಿ ಈ 100 ಮತ್ತು 200 ಮೀಟರುಗಳು ಒಂದು ಮಾತನ್ನೂ ಆಡುವುದಿಲ್ಲ.

ಹಾಗಿದ್ದರೆ ಈ ಸೇವೆಯನ್ನು ಕೊಳ್ಳುವವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಸಾಲ ಕೊಡುವವರ ಷರತ್ತೇ ಇದಕ್ಕೆ ಕಾರಣ. ಅಂತರರಾಷ್ಟ್ರೀಯ ಹಣಕಾಸು ನಿಗಮದ ಎಂಟನೆಯ ಮಾನದಂಡವೂ ವಿಶ್ವಬ್ಯಾಂಕಿನ ಎಂಟನೆಯ ಮಾನದಂಡವೂ ಸಾಂಸ್ಕೃತಿಕ ಪರಂಪರೆಗೆ ಸಂಬಂಧಿಸಿದವು. ಪಟ್ಟಿಯಲ್ಲಿರಲಿ ಇಲ್ಲದಿರಲಿ, ಯೋಜನೆಯ ಹಾದಿಯಲ್ಲಿರುವ ನೆಲೆಗಳನ್ನು ಗುರುತಿಸಬೇಕೆಂದೂ, ಅಗೆಯುವಾಗ ಆಕಸ್ಮಿಕವಾಗಿ ಏನಾದರೂ ಸಿಕ್ಕರೆ ಅನುಸರಿಸಬೇಕಾದ ಕ್ರಮವನ್ನು ಮೊದಲೇ ಬರೆದಿಡಬೇಕೆಂದೂ ಅವು ಕೇಳುತ್ತವೆ. ನಮ್ಮ ಮಾರ್ಗಕ್ಕೂ ಸಾಲದ ಕರಾರಿನಲ್ಲಿದ್ದ ಇಂಥದೊಂದು ಷರತ್ತೇ ಈ ಸಂಸ್ಥೆಯನ್ನು ಕರೆತಂದಿತು. ಷರತ್ತು ಪೂರೈಸಲೆಂದು ತರಿಸುವ ವರದಿಗೂ ಮಾರ್ಗ ನಿರ್ಧರಿಸಲೆಂದು ತರಿಸುವ ವರದಿಗೂ ಬಹಳ ಅಂತರವಿದೆ. ಈ ಸಂಸ್ಥೆ ಎರಡರ ನಡುವೆ ಎಲ್ಲೋ ನಿಂತಿತು.

ಮೊದಲ ಹಂತ ದಾಖಲೆಗಳ ಪರಿಶೀಲನೆ. ಇಸ್ರೋದ ಭುವನ್ ನಕ್ಷೆಯ ಸ್ಮಾರಕಗಳ ಪದರ, ಕೇಂದ್ರ ಮತ್ತು ರಾಜ್ಯದ ಸಂರಕ್ಷಿತ ಪಟ್ಟಿಗಳು, 1:50,000ರ ಭೂಪಟಗಳು, ಉಪಗ್ರಹ ಚಿತ್ರಗಳು, ಇವನ್ನೆಲ್ಲ ನೋಡಿದ್ದರು. ಜೊತೆಗೆ ಹಳೆಯ ಮೈಸೂರು ಸೀಮೆಯ ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನೂ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ಪರಿಶೀಲಿಸಿ, ‘ಈ ಭಾಗದಲ್ಲಿ ಹೆಚ್ಚಿನ ಉಲ್ಲೇಖಗಳಿಲ್ಲ’ ಎಂದು ಕರಡಿನಲ್ಲಿ ಬರೆದಿದ್ದರು. ಉಲ್ಲೇಖಗಳು ಇರುವುದಾದರೂ ಹೇಗೆ? ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕನ ಶಾಸನಗಳು 1932ರಲ್ಲಿ, ಕೊಪ್ಪಳದ ಕನ್ನಡ ಶಾಸನಗಳು 1935ರಲ್ಲಿ ಪ್ರಕಟವಾದದ್ದು ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿರುವ ಶಾಸನ ಸಂಪುಟಗಳು ಅದಕ್ಕಿಂತ ಈಚಿನವು, ಕನ್ನಡದಲ್ಲೇ ಇವೆ, ಊರಿಂದ ಊರಿಗೆ ಹುಡುಕಲು ಅನುಕೂಲವಾಗಿವೆ. ಎರಡನ್ನೂ ತೆರೆದಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಹಳೆಯ ಮೈಸೂರಿನ ಅಳತೆಗೆ ಹೊಲಿದ ದಾಖಲೆ ಪಟ್ಟಿಯೊಂದನ್ನು ಎಲ್ಲ ಜಿಲ್ಲೆಗಳಿಗೂ ತೊಡಿಸುವ ಈ ಅಭ್ಯಾಸವನ್ನು ಬೇರೆ ವರದಿಗಳಲ್ಲೂ ಕಂಡಿದ್ದೇನೆ. ಆಕ್ಷೇಪಿಸಿದ ಮೇಲೆ ಸಂಪುಟಗಳನ್ನು ನೋಡಿ ಅಧ್ಯಾಯವನ್ನು ತಿದ್ದಿಕೊಟ್ಟರು. ತಿದ್ದಿದ ಅಧ್ಯಾಯ ಚೆನ್ನಾಗಿಯೇ ಇತ್ತು. ಆದರೆ ಕೇಳುವವರಿಲ್ಲದಿದ್ದರೆ ಮೊದಲಿನದೇ ಕಡತಕ್ಕೆ ಸೇರುತ್ತಿತ್ತು.

ಇದೇ ಹಂತದಲ್ಲಿ ಅವರು ಕಡೆಗಣಿಸಿದ ಇನ್ನೊಂದು ಮೂಲ ಕಂದಾಯ ದಾಖಲೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಬೇಚಿರಾಕ್ ಎಂದು ನಮೂದಾದ, ಅಂದರೆ ಜನವಸತಿಯಿಲ್ಲದ ಗ್ರಾಮಗಳು ಇವತ್ತಿಗೂ ಹೆಸರುಳಿಸಿಕೊಂಡಿವೆ. ಬರ, ರೋಗ, ದಂಡಿನ ದಾಳಿ, ಯಾವ ಕಾರಣಕ್ಕೋ ಜನ ಬಿಟ್ಟುಹೋದ ಆ ಊರುಗಳ ಗೋಡೆಯ ಅಡಿಪಾಯ, ಧಾನ್ಯ ತುಂಬುವ ಹಗೇವು, ಗುಡಿಯ ಕಲ್ಲು ಎಲ್ಲವೂ ಈಗ ಹೊಲದ ಮಣ್ಣಿನ ಕೆಳಗಿವೆ. ಸರ್ವೆ ನಂಬರಿನ ಜೊತೆಗೆ ರೈತರು ಬಳಸುವ ಹೊಲದ ಹೆಸರುಗಳೂ ಅಷ್ಟೇ ಮುಖ್ಯ. ಹಾಳೂರ ಹೊಲ, ಬೂದಿದಿಬ್ಬದ ಹೊಲ, ಮೋರೇರ ಗುಡ್ಡ, ಗುಡಿ ಹಿಂದಿನ ಪಟ್ಟಿ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಸಮೀಕ್ಷಕ ನಿಲ್ಲಬೇಕು. ಹಿರೇಬೆಣಕಲ್ಲಿನ ನೂರಾರು ಶಿಲಾಗೋರಿಗಳಿರುವ ಗುಡ್ಡವನ್ನು ಸುತ್ತಲಿನವರು ಮೋರೇರ ಗುಡ್ಡವೆಂದೇ ಕರೆಯುತ್ತಾರೆ, ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ತೋರಿಸುತ್ತಾರೆ. ಇಂಥ ಹೆಸರುಗಳನ್ನು ಕಲೆಹಾಕಲು ಯಂತ್ರ ಬೇಕಿಲ್ಲ, ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಕಚೇರಿಯಲ್ಲೂ ಅರಳಿಕಟ್ಟೆಯಲ್ಲೂ ಅರ್ಧ ದಿನ ಕುಳಿತರೆ ಸಾಕು.

ಎರಡನೆಯ ಹಂತವೇ ಈ ಸೇವೆಯ ಜೀವ. ಸಂಸ್ಥೆ ಕಳಿಸಿದ ಪುರಾತತ್ವಜ್ಞರು ರಾಯಚೂರು ಸೀಮೆಯ ಹೊಲಗಳಲ್ಲಿ ವರ್ಷಗಟ್ಟಲೆ ಅಡ್ಡಾಡಿದವರೆಂಬುದು ಅವರ ನಡಿಗೆಯಿಂದಲೇ ತಿಳಿಯುತ್ತಿತ್ತು. ಹಿಂಗಾರಿ ಜೋಳ ಕೊಯ್ಲಾಗಿ, ಹೊಲ ಬಯಲಾದ ಮೇಲೆಯೇ ಬರುತ್ತೇವೆಂದು ಅವರು ಹಟ ಹಿಡಿದಾಗ ನಮ್ಮ ಕಡೆಯವರಿಗೆ ಬೇಸರವಾಗಿತ್ತು. ಅವರ ಮಾತೇ ಸರಿ. ಆಳೆತ್ತರದ ಜೋಳ ನಿಂತಿರುವಾಗ ಅಥವಾ ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಯಲ್ಲಿ ನೀರು ನಿಂತಿರುವಾಗ ನೆಲದ ಮೇಲೆ ಮಡಕೆಯ ಬೋಕಿ ಬಿದ್ದಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಸಮೀಕ್ಷೆಯ ತಾರೀಕನ್ನು ಬೆಳೆಯ ಲೆಕ್ಕದಲ್ಲಿ ಗೊತ್ತುಮಾಡದ ಸಂಸ್ಥೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬಹುದು.

ಅವರ ಕ್ರಮ ಸರಳವಾಗಿತ್ತು. ಮಾರ್ಗದ ಮಧ್ಯರೇಖೆಯ ಎರಡೂ ಬದಿಗೆ ಮೂರು ನಾಲ್ಕು ಜನ ಅಂತರ ಬಿಟ್ಟು ಸಾಲಾಗಿ ನಡೆಯುವುದು, ಬೋಕಿ ಅಥವಾ ಕಲ್ಲಿನ ಚಕ್ಕೆ ಸಿಕ್ಕಲ್ಲಿ ಸಣ್ಣ ಬಾವುಟ ಊರಿ ಜಿ.ಪಿ.ಎಸ್. ಗುರುತು ಹಾಕುವುದು, ಬಾವುಟಗಳು ಒತ್ತೊತ್ತಾಗಿ ಕಂಡಲ್ಲಿ ನಿಂತು ಸುತ್ತ ಹುಡುಕುವುದು. ಹಳ್ಳವೊಂದರ ದಂಡೆಯಲ್ಲಿ, ಟವರಿಗೆಂದು ನಾವು ಗೂಟ ಹೊಡೆದಿದ್ದ ಜಾಗದ ಪಕ್ಕದಲ್ಲೇ ಬಾವುಟಗಳು ಹಾಗೆ ಗುಂಪಾದವು. ನೆಲ ಸುತ್ತಲಿಗಿಂತ ಮೊಳದಷ್ಟು ಎತ್ತರವಿತ್ತು, ಕರಿ ಎರೆಯ ನಡುವೆ ಬೂದು ಬಣ್ಣದ ಪಟ್ಟೆಯೊಂದು ಕಾಣುತ್ತಿತ್ತು. ಅವರು ಬದುವಿನ ಕಡಿತದಿಂದ ಗಂಟೊಂದನ್ನು ಕಿತ್ತು ಕೈಗಿಟ್ಟರು. ಹಗುರವಾದ, ತೂತುತೂತಾದ, ಒಂದು ಮಗ್ಗುಲು ಗಾಜಿನಂತೆ ಹೊಳೆಯುವ ಗಂಟು. ಸೈಟಿನ ಮೇಸ್ತ್ರಿ ಅದನ್ನು ಇಟ್ಟಿಗೆ ಭಟ್ಟಿಯ ಕಿಟ್ಟವೆಂದು ತಳ್ಳಿಹಾಕಿದ್ದ. ಅದರ ಜೊತೆಗೆ ಸಿಕ್ಕ ಕೈಯಿಂದ ಮಾಡಿದ ಬೂದು ಮಡಕೆಯ ದಪ್ಪ ಬೋಕಿಗಳನ್ನೂ ಅರೆಮುರಿದ ಕಪ್ಪು ಕಲ್ಲಿನ ಕೊಡಲಿಯನ್ನೂ ತೋರಿಸಿ, ಇದು ಬೂದಿದಿಬ್ಬದ ಉಳಿಕೆಯಾಗಿರುವ ಸಾಧ್ಯತೆ ಬಲವಾಗಿದೆಯೆಂದು ಅವರು ವಿವರಿಸಿದರು. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಸಗಣಿ ಒಟ್ಟಿ ಮತ್ತೆ ಮತ್ತೆ ಸುಟ್ಟದ್ದರಿಂದ ಬೆಳೆದ ದಿಬ್ಬಗಳಿವು, ಬೆಂಕಿಯ ಕಾವು ಹೆಚ್ಚಿದಲ್ಲಿ ಬೂದಿ ಕರಗಿ ಹೀಗೆ ಗಟ್ಟಿಯಾಗುತ್ತದೆ. ಈ ಗಂಟುಗಳು ಜ್ವಾಲಾಮುಖಿಯವೋ ಕುಲುಮೆಯವೋ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರೇ ಚರ್ಚಿಸಿದ್ದರು, 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ನಡೆದ ಉತ್ಖನನ ಸಗಣಿಯ ವಾದವನ್ನು ಗಟ್ಟಿಗೊಳಿಸಿತು. ಹೀಗಿರುವಾಗ ಮೇಸ್ತ್ರಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಇಂಥ ದಿಬ್ಬಗಳ ಬೂದಿ ಒಳ್ಳೆಯ ಗೊಬ್ಬರವೆಂದು ರೈತರು ತಲೆಮಾರುಗಳಿಂದ ಬಂಡಿಯಲ್ಲಿ ಹೇರಿದ್ದಾರೆ, ಉಳಿದಿರುವುದು ಅಲ್ಲಲ್ಲಿ ಒಂದು ಪದರ ಮಾತ್ರ.

ನೆಲ ತೂರುವ ರಾಡಾರ್ ತರುವುದಾಗಿ ಸಂಸ್ಥೆಯ ಮೊದಲ ಪ್ರಸ್ತಾವದಲ್ಲಿತ್ತು, ಅದಕ್ಕೆ ಪ್ರತ್ಯೇಕ ಶುಲ್ಕವೂ ಇತ್ತು. ಎರೆಯಂಥ ಜಿಗುಟು ಮಣ್ಣಿನಲ್ಲಿ ಆ ಅಲೆಗಳು ಆಳಕ್ಕೆ ಇಳಿಯುವುದಿಲ್ಲ. ಮಸಾರಿ (ಕೆಂಪು) ಅಥವಾ ಮರಳು ನೆಲಕ್ಕೆ ಸಲ್ಲುವ ಯಂತ್ರವನ್ನು ಎರೆ ಸೀಮೆಯಲ್ಲಿ ಮಾರಲು ಹೊರಟದ್ದು ನನಗೆ ಹಿಡಿಸಲಿಲ್ಲ. ಹೊಲಕ್ಕೆ ಬಂದ ಪುರಾತತ್ವಜ್ಞರೇ ಬೇಡವೆಂದು ಹೇಳಿ ಆ ಬಾಬನ್ನು ತೆಗೆಸಿದರು. ಪ್ರಸ್ತಾವ ಬರೆಯುವವರೂ ಹೊಲ ನಡೆಯುವವರೂ ಪರಸ್ಪರ ಮಾತಾಡದ ಸಂಸ್ಥೆಗಳಲ್ಲಿ ಇಂಥವು ನಡೆಯುತ್ತವೆ.

ವಿದ್ಯುತ್ ಮಾರ್ಗದಿಂದ ಹಾನಿ ಆಗುವುದೆಲ್ಲಿ ಎಂಬ ಪ್ರಶ್ನೆಯಲ್ಲಿ ವರದಿ ಮೊದಲು ಎಡವಿತು. ಟವರಿನ ನಾಲ್ಕು ಕಾಲುಗಳ ಗುಂಡಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಒಟ್ಟು ಉದ್ದಕ್ಕೆ ಹೋಲಿಸಿದರೆ ಅಗೆತ ಅತ್ಯಲ್ಪವೆಂದು ತೀರ್ಮಾನಿಸಿದ್ದರು. ಗುಂಡಿಗಳ ವಿಷಯದಲ್ಲೂ ಇದು ಪೂರ್ತಿ ನಿಜವಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿನ ಬುನಾದಿ ಗಟ್ಟಿ ನೆಲದ ಬುನಾದಿಗಿಂತ ಅಗಲವಾಗಿರುತ್ತದೆ, ಆಳ ಮೂರು ಮೀಟರಿನ ಆಸುಪಾಸಿಗೆ ಹೋಗುತ್ತದೆ. ಹೊಲದೊಳಗಿನ ಸಣ್ಣ ನೆಲೆಯೊಂದರ ಎಲ್ಲ ಪದರಗಳನ್ನೂ ಸೀಳಲು ಅಷ್ಟು ಸಾಕು. ಗುಂಡಿಯ ಆಚೆಗಿನ ಕೆಲಸಗಳು ಇನ್ನೂ ಹೆಚ್ಚಿನವು. ಕಲ್ಲು ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಸಿಗದಿದ್ದರೆ ಟವರಿನ ಕಾಲುಗಳಿಂದ ಹೊರಕ್ಕೆ ಉದ್ದುದ್ದ ಕಾಲುವೆ ತೋಡಿ ತಂತಿ ಹೂಳುತ್ತಾರೆ, ಈ ಕಾಲುವೆಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಕಾಂಕ್ರೀಟು ಮತ್ತು ಉಕ್ಕು ಸಾಗಿಸುವ ಟ್ರ್ಯಾಕ್ಟರುಗಳು ಬಂಡಿದಾರಿ ಬಿಟ್ಟು ಹೊಲದೊಳಗೇ ದಾರಿ ಮಾಡಿಕೊಳ್ಳುತ್ತವೆ, ದಾರಿ ಹೂತರೆ ಹತ್ತಿರದ ದಿಬ್ಬದಿಂದ ಮೊರಂ ತೋಡಿ ಹಾಕುತ್ತಾರೆ. ತಂತಿ ಎಳೆಯುವಾಗ ಡ್ರಮ್ಮುಗಳನ್ನೂ ವಿಂಚ್ ಯಂತ್ರಗಳನ್ನೂ ನಿಲ್ಲಿಸಲು ಸಮತಟ್ಟು ಮಾಡಿದ ಜಾಗ ಬೇಕು. ಬದುವಿನ ಮೇಲೆ ವಾಲಿದ ವೀರಗಲ್ಲೋ ಮಾಸ್ತಿಗಲ್ಲೋ ಟ್ರ್ಯಾಕ್ಟರಿನ ಗಾಲಿಗೆ ಅಡೆಯಾಗುವುದು, ಜೆ.ಸಿ.ಬಿ.ಯ ಬಕೆಟ್ಟಿಗೆ ಸಿಕ್ಕಿ ಬದುವಿನ ಕಲ್ಲುಗಳ ರಾಶಿ ಸೇರುವುದು ಇಂಥ ಹೊತ್ತಿನಲ್ಲೇ. ಇವನ್ನೆಲ್ಲ ಪಟ್ಟಿ ಮಾಡಿಕೊಟ್ಟ ಮೇಲೆ, ದಾರಿಗಳ ನಕ್ಷೆಯೊಂದನ್ನು ಸೇರಿಸಿ ಎರಡನೆಯ ನಡಿಗೆ ನಡೆಸಿದರು. ಅದಕ್ಕೆ ಹೆಚ್ಚುವರಿ ಬಿಲ್ಲು ಬಂತು. ಮೊದಲ ಕರಾರಿನಲ್ಲೇ ಸೇರಿರಬೇಕಾದ ಕೆಲಸವೆಂಬುದು ನನ್ನ ಅಭಿಪ್ರಾಯ.

ಇನ್ನು ಟವರ್ ಸರಿಸುವ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪುರಾತತ್ವದವರಿಗೆ ಎಂಜಿನಿಯರಿಂಗ್ ಗೊತ್ತಿಲ್ಲದೆಯೂ ಎಂಜಿನಿಯರುಗಳಿಗೆ ಹೇಳುವ ಮನಸ್ಸಿಲ್ಲದೆಯೂ ಹೆಚ್ಚಿನ ನೆಲೆಗಳು ಹಾಳಾಗುವುದು ಇಲ್ಲಿಯೇ. 220 ಕೆ.ವಿ. ಮಾರ್ಗದಲ್ಲಿ ಎರಡು ಟವರುಗಳ ನಡುವೆ ಸಾಮಾನ್ಯವಾಗಿ 300ರಿಂದ 350 ಮೀಟರ್ ಅಂತರವಿರುತ್ತದೆ, ತಂತಿಗಳ ಕೆಳಗೆ ಮಾರ್ಗಕ್ಕಾಗಿ ಬಿಡಬೇಕಾದ ಪಟ್ಟಿಯ ಅಗಲ 35 ಮೀಟರ್. ನೂರು ಮೀಟರ್ ಹರಡಿಕೊಂಡ ದಿಬ್ಬವೊಂದು ಹಾದಿಯಲ್ಲಿ ಸಿಕ್ಕರೆ ಟವರುಗಳನ್ನು ಅದರ ಈಚೆಗೊಂದು, ಆಚೆಗೊಂದು ನಿಲ್ಲಿಸಿ ತಂತಿಯನ್ನಷ್ಟೇ ಮೇಲೆ ಹಾಯಿಸಬಹುದು. ಟವರನ್ನು ಮಾರ್ಗದ ಉದ್ದಕ್ಕೇ ಮೂವತ್ತು ನಲವತ್ತು ಮೀಟರ್ ಹಿಂದುಮುಂದು ಮಾಡುವುದಕ್ಕೆ, ನೆಲದ ಏರಿಳಿತ ಅಡ್ಡಿ ಬಾರದಿದ್ದರೆ, ಖರ್ಚೇನೂ ಹೆಚ್ಚುವುದಿಲ್ಲ. ಅದೇ ಟವರನ್ನು ಪಕ್ಕಕ್ಕೆ ಸರಿಸಿದರೆ ಮಾರ್ಗ ಬಾಗುತ್ತದೆ. ಬಾಗಿದ ಕಡೆ ತಂತಿಯ ಎಳೆತ ತಡೆಯಬಲ್ಲ ಭಾರದ ಕೋನ ಟವರುಗಳು ಬೇಕು, ಅವುಗಳಿಗೆ ಉಕ್ಕೂ ಹೆಚ್ಚು, ಬುನಾದಿಯೂ ದೊಡ್ಡದು. ಚೆಕ್ ಸರ್ವೆ (ಟವರುಗಳ ಜಾಗವನ್ನು ನೆಲದ ಮೇಲೆ ಅಂತಿಮವಾಗಿ ಗುರುತಿಸುವ ಸಮೀಕ್ಷೆ) ಮುಗಿದು, ರೈತರಿಗೆ ಪರಿಹಾರ ಗೊತ್ತಾಗಿ, ಟವರಿನ ಜಾಗ ಕಾಗದದಲ್ಲಿ ಪಕ್ಕಾ ಆದ ಮೇಲೆ ಮಾತ್ರ ಉದ್ದಕ್ಕೆ ಸರಿಸುವುದೂ ಕಷ್ಟ, ಪಕ್ಕದ ಹೊಲದವನನ್ನು ಹೊಸದಾಗಿ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಪುರಾತತ್ವದವರ ನಡಿಗೆ ಚೆಕ್ ಸರ್ವೆಗೆ ಮೊದಲೇ ನಡೆಯಬೇಕು. ನಮ್ಮಲ್ಲಿ ಅದು ಚೆಕ್ ಸರ್ವೆಯ ನಡುವೆ ನಡೆಯಿತು. ಬೂದಿದಿಬ್ಬದ ಪಕ್ಕದ ಟವರ್ ಉದ್ದಕ್ಕೆ ಸರಿದು ಹಳ್ಳದ ಆಚೆಗೆ ಹೋಯಿತು, ಇದಕ್ಕೆ ಸಂಸ್ಥೆಗೂ ನಮ್ಮ ವಿನ್ಯಾಸದವರಿಗೂ ಪೂರ್ತಿ ಅಂಕ. ವೀರಗಲ್ಲುಗಳ ಗುಂಪೊಂದರ ಸಮೀಪದ ಮತ್ತೊಂದು ಟವರಿನ ಜಾಗ ಆಗಲೇ ಪಕ್ಕಾ ಆಗಿತ್ತು. ಅಲ್ಲಿ ಕಲ್ಲುಗಳ ಸುತ್ತ ತಾತ್ಕಾಲಿಕ ಬೇಲಿ ಹಾಕಿ ತೃಪ್ತಿಪಟ್ಟುಕೊಂಡೆವು.

ದೃಶ್ಯದ ಅಧ್ಯಾಯಕ್ಕೆ ಸಂಸ್ಥೆ ಹೆಚ್ಚು ಪುಟಗಳನ್ನು ಕೊಟ್ಟಿತ್ತು. ಉಪಗ್ರಹದ ಎತ್ತರದ ಮಾಹಿತಿಯಿಂದ ಯಾವ ಟವರ್ ಎಲ್ಲೆಲ್ಲಿಗೆ ಕಾಣುತ್ತದೆಂದು ಲೆಕ್ಕ ಹಾಕಿ ಬಣ್ಣದ ನಕ್ಷೆ ಮಾಡಿದ್ದರು, ಫೋಟೋಗಳ ಮೇಲೆ ಟವರಿನ ಚಿತ್ರ ಕೂಡಿಸಿ ಮುಂದೆ ಹೇಗೆ ಕಾಣಬಹುದೆಂದು ತೋರಿಸಿದ್ದರು. ತಾಂತ್ರಿಕವಾಗಿ ಕೆಲಸ ಶುದ್ಧವಾಗಿತ್ತು. ಆದರೆ ಫೋಟೋಗಳನ್ನೆಲ್ಲ ತೆಗೆದದ್ದು ಡಾಂಬರು ರಸ್ತೆಯ ಬದಿಯಿಂದ. ಪಾಲ್ಕಿಗುಂಡುವಿನಂಥ ನೆಲೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಗುಡ್ಡ ಹತ್ತಬೇಕು. ಎರಡು ಬಂಡೆಗಳು ಹೊತ್ತು ನಿಂತ ಚಪ್ಪಟೆ ಬಂಡೆಯ ಕೆಳಗೆ ಶಾಸನವಿದೆ, ಅಲ್ಲಿ ನಿಂತರೆ ಕೊಪ್ಪಳದ ಬಯಲೆಲ್ಲ ಕಣ್ಣಿಗೆ ಬೀಳುತ್ತದೆ, ಬಯಲಿನಿಂದ ನೋಡಿದವರಿಗೆ ಆ ಬಂಡೆಯ ಆಕಾರವೇ ಗುರುತು. ಆ ಬಂಡೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ 35ರಿಂದ 40 ಮೀಟರ್ ಎತ್ತರದ ಟವರುಗಳ ಸಾಲು ಬಂದರೆ 300 ಮೀಟರಿನ ಕಾನೂನಿಗೆ ಅದು ಲೆಕ್ಕಕ್ಕೇ ಇಲ್ಲ, ನೋಡುವ ಕಣ್ಣಿಗೆ ಮಾತ್ರ ಇದೆ. ಹಿರೇಬೆಣಕಲ್ಲಿನ ಮಾತೂ ಅದೇ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದ ಆ ಗುಡ್ಡದ ಬೆಲೆ ಒಂದೊಂದು ಗೋರಿಯಲ್ಲಿ ಎಷ್ಟಿದೆಯೋ ಗುಡ್ಡದ ಮೇಲಿನ ಏಕಾಂತದಲ್ಲೂ ನಗಾರಿಯಾಕಾರದ ಬಂಡೆಯ ಸುತ್ತಲಿನ ಬಯಲು ನೋಟದಲ್ಲೂ ಅಷ್ಟೇ ಇದೆ.

ಈ ವಿಷಯದಲ್ಲಿ ಇಂಗ್ಲೆಂಡಿನವರು ನಮಗಿಂತ ಬಹಳ ಹಿಂದೆಯೇ ಯೋಚಿಸಿದ್ದಾರೆ. ಅಲ್ಲಿ 1959ರಲ್ಲಿ ರೂಪುಗೊಂಡ ಹಾಲ್ಫರ್ಡ್ ನಿಯಮಗಳು ಅಧಿಕ ಒತ್ತಡದ ಮಾರ್ಗ ಎಳೆಯುವವರಿಗೆ ಇವತ್ತಿಗೂ ಮಾರ್ಗದರ್ಶಿ. ಟವರುಗಳ ಹಿಂದೆ ಬರೀ ಆಕಾಶ ಕಾಣುವಂತೆ ನಿಲ್ಲಿಸಬೇಡಿ, ಗುಡ್ಡವೋ ಮರಗಳೋ ಹಿನ್ನೆಲೆಯಾಗುವಂತೆ ನಿಲ್ಲಿಸಿ ಎಂಬುದು ಅವುಗಳಲ್ಲೊಂದು. ಕೊಪ್ಪಳದ ಗ್ರಾನೈಟ್ ಗುಡ್ಡಗಳ ನಡುವೆ ಇದನ್ನು ಪಾಲಿಸುವುದು ಕಷ್ಟವೇನಲ್ಲ, ಮಾರ್ಗವನ್ನು ಗುಡ್ಡದ ನೆತ್ತಿಯಿಂದ ಬುಡಕ್ಕೆ ಇಳಿಸಿದರಾಯಿತು. ವರದಿ ಈ ನಿಯಮವನ್ನು ಉದ್ಧರಿಸಿತ್ತು, ಆದರೆ ನಮ್ಮ ಯಾವ ಟವರ್ ಅದನ್ನು ಮೀರುತ್ತದೆಂದು ಹೇಳಿರಲಿಲ್ಲ. ಹಂಪಿಯನ್ನಂತೂ ಮರೆಯುವಂತಿಲ್ಲ. ಆನೆಗೊಂದಿಯ ತೂಗುಸೇತುವೆ ಮತ್ತಿತರ ನಿರ್ಮಾಣಗಳಿಂದಾಗಿ 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಬಿದ್ದು, 2006ರವರೆಗೆ ಅಲ್ಲೇ ಉಳಿಯಿತು. ಅಲ್ಲಿ ಕೇಳಿದ್ದು ಯಾವ ಗುಡಿಯ ಕಲ್ಲು ಮುರಿಯಿತೆಂಬ ಪ್ರಶ್ನೆಯನ್ನಲ್ಲ, ಸುತ್ತಲಿನ ನೋಟವೂ ನೆಮ್ಮದಿಯೂ ಏನಾಗುತ್ತದೆಂಬ ಪ್ರಶ್ನೆಯನ್ನು. ಟವರಿನ ಸಾಲಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ.

ಕೊನೆಯ ಅಧ್ಯಾಯದ ಅಂಕಪಟ್ಟಿಯ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ನೆಲೆಯ ಮಹತ್ವವನ್ನು ಒಂದು ಬದಿಗೂ ಆಗುವ ಬದಲಾವಣೆಯ ಪ್ರಮಾಣವನ್ನು ಇನ್ನೊಂದು ಬದಿಗೂ ಇಟ್ಟು, ಎರಡೂ ಕೂಡುವ ಚೌಕದಲ್ಲಿ ‘ಅಲ್ಪ’, ‘ಮಧ್ಯಮ’, ‘ಭಾರಿ’ ಎಂದು ಬರೆಯುವ ಈ ಕ್ರಮ, ವಿಶ್ವ ಪರಂಪರೆಯ ತಾಣಗಳಿಗಾಗಿ ಐಕೊಮೋಸ್ (ಸ್ಮಾರಕ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿ) ಸಂಸ್ಥೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಿಂದ ಬಂದದ್ದು. ಸಂರಕ್ಷಿತವಲ್ಲದ ನೆಲೆಯೂ ಸಂರಕ್ಷಣೆಗೆ ತಕ್ಕ ಗುಣವುಳ್ಳದ್ದಾದರೆ ಅದಕ್ಕೆ ಮೇಲಿನ ದರ್ಜೆ ಕೊಡಬಹುದೆಂದು ಆ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಸಲಹಾ ಸಂಸ್ಥೆಗಳು ಆ ಸಾಲನ್ನು ಓದುವುದಿಲ್ಲ. ಕೇಂದ್ರ ಪಟ್ಟಿಯಲ್ಲಿದ್ದರೆ ಹೆಚ್ಚು, ರಾಜ್ಯ ಪಟ್ಟಿಯಲ್ಲಿದ್ದರೆ ಮಧ್ಯಮ, ಯಾವುದರಲ್ಲೂ ಇಲ್ಲದಿದ್ದರೆ ಕಡಿಮೆ ಎಂದು ಸಲೀಸಾಗಿ ತುಂಬುತ್ತವೆ. ತಮ್ಮದೇ ಪುರಾತತ್ವಜ್ಞರು ಹೊಲದಲ್ಲಿ ಅಷ್ಟು ಸಂಭ್ರಮದಿಂದ ಗುರುತಿಸಿದ ಬೂದಿದಿಬ್ಬಕ್ಕೆ ಈ ಪಟ್ಟಿಯಲ್ಲಿ ಸಿಕ್ಕದ್ದು ‘ಮಹತ್ವ: ಕಡಿಮೆ, ಪ್ರಭಾವ: ಅಲ್ಪ’. ಸಾಲ ಕೊಡುವವರೂ ಗುತ್ತಿಗೆದಾರರೂ ಕೊನೆಗೆ ಓದುವುದು ಈ ಒಂದೇ ಪುಟವನ್ನು. ನಡಿಗೆಯ ಟಿಪ್ಪಣಿಗಳನ್ನು ನಾವೇ ಎದುರಿಗಿಟ್ಟುಕೊಂಡು ಕುಳಿತಿರದಿದ್ದರೆ ಆ ಟವರ್ ಮೂಲ ಜಾಗದಲ್ಲೇ ನಿಲ್ಲುತ್ತಿತ್ತು. ಪಟ್ಟಿಯ ಬದಲು ಪ್ರತಿ ನೆಲೆಗೆ ಒಂದು ಪುಟ ಮೀಸಲಿಟ್ಟು, ಏನಿದೆ, ಎಷ್ಟು ಹರಡಿದೆ, ಯಾವ ಕೆಲಸದಿಂದ ಏನಾಗಬಹುದು, ಎಷ್ಟು ಮೀಟರ್ ಯಾವ ದಿಕ್ಕಿಗೆ ಸರಿದರೆ ತಪ್ಪುತ್ತದೆ ಎಂದು ನಾಲ್ಕು ಮಾತು ಬರೆದರೆ ಸಾಕಾಗಿತ್ತು.

ಗುಂಡಿ ತೋಡುವಾಗ ಪುರಾತತ್ವಜ್ಞರು ಎದುರು ನಿಂತು ನೋಡುವುದು ಸೇವೆಯ ಕೊನೆಯ ಭಾಗ. ಗುರುತಿಸಿದ ಜಾಗಗಳಲ್ಲಿ ಮಾತ್ರ ಬಂದರು, ಹೇಳಿದ ದಿನ ಬಂದರು, ಜೆ.ಸಿ.ಬಿ. ಮೇಲ್ಮಣ್ಣು ತೆಗೆದ ಮೇಲೆ ಯಂತ್ರ ನಿಲ್ಲಿಸಿ ಕರಣೆಯಿಂದ ಗೋಡೆ ಕೆರೆದು ಪದರಗಳ ಫೋಟೋ ತೆಗೆದುಕೊಂಡರು. ಕೂಲಿಯವರಿಗೆ ಬೋಕಿ ಯಾವುದು, ಸುಟ್ಟ ಮಣ್ಣು ಯಾವುದೆಂದು ಕನ್ನಡದಲ್ಲಿ ತೋರಿಸಿಕೊಟ್ಟದ್ದು ನನಗೆ ಬಹಳ ಹಿಡಿಸಿತು. ಹಣ, ಒಡವೆ, ವಿಗ್ರಹ ಏನೇ ಸಿಕ್ಕರೂ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು ಎಲ್ಲರಿಗೂ ಗೊತ್ತು, ಆ ಭಯದಿಂದಲೇ ಅನೇಕರು ಸಿಕ್ಕದ್ದನ್ನು ಮುಚ್ಚುತ್ತಾರೆ. ಯಾರಿಗೆ ಫೋನು ಮಾಡಬೇಕು, ಕೆಲಸ ಎಷ್ಟು ಹೊತ್ತು ನಿಲ್ಲುತ್ತದೆ, ನಿಂತ ದಿನದ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದನ್ನು ಬರೆದ ಒಂದು ಹಾಳೆಯನ್ನು ಅವರು ಪ್ರತಿ ತಂಡಕ್ಕೂ ಕೊಟ್ಟರು. ಮೂರನೆಯ ಸಾಲು ಇರದಿದ್ದರೆ ಉಳಿದ ಎರಡಕ್ಕೆ ಬೆಲೆಯೇ ಇರುತ್ತಿರಲಿಲ್ಲ. ವರದಿ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಗ್ರಾಮ ಪಂಚಾಯಿತಿಗಳಿಗೆ ಕೊಡಲು ಕನ್ನಡದ ಸಾರಾಂಶವೊಂದನ್ನು ಕೇಳಿ ಬರೆಸಿಕೊಳ್ಳಬೇಕಾಯಿತು, ಬಂದದ್ದು ಯಂತ್ರಾನುವಾದವೆಂದು ಮೊದಲ ಸಾಲಿನಲ್ಲೇ ತಿಳಿಯುವಂತಿತ್ತು.

ಶುಲ್ಕ ದುಬಾರಿಯೇನಲ್ಲ. ಮಾರ್ಗ ಬಾಗಿಸಲು ಸೇರಿಸಬೇಕಾಗುವ ಕೋನ ಟವರುಗಳ ಖರ್ಚಿನ ಮುಂದೆ ಅದು ಸಣ್ಣದು, ಕೆಲಸ ನಡುವೆ ನಿಂತು ಯಂತ್ರಗಳು ಖಾಲಿ ಕೂರುವ ನಷ್ಟದ ಮುಂದೆ ಇನ್ನೂ ಸಣ್ಣದು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಎರಡೂವರೆ ಹೊಲ ನಡೆದ ಪುರಾತತ್ವಜ್ಞರ ಪಾಲು. ಮುಂದೆ ಈ ಬಗೆಯ ಸೇವೆಯನ್ನು ಕೊಳ್ಳುವವರು ಕರಾರಿನಲ್ಲಿ ನಡೆಯುವವರ ಹೆಸರನ್ನು ನಮೂದಿಸಿಕೊಳ್ಳಲಿ, ನಡಿಗೆ ಚೆಕ್ ಸರ್ವೆಗೆ ಮೊದಲು ಮತ್ತು ಕೊಯ್ಲಿನ ನಂತರ ಎಂದು ಬರೆಸಿಕೊಳ್ಳಲಿ, ದಾರಿ ಮತ್ತು ಅರ್ಥಿಂಗ್ ಕಾಲುವೆಗಳನ್ನು ವ್ಯಾಪ್ತಿಯೊಳಗೆ ಸೇರಿಸಲಿ. ಶುಲ್ಕದ ಕೊನೆಯ ಕಂತನ್ನು ವರದಿ ಕೈಸೇರಿದ ದಿನ ಕೊಡದೆ, ಸರಿಸಿದ ಟವರುಗಳ ಅಂತಿಮ ನಕ್ಷೆಗೆ ಪುರಾತತ್ವಜ್ಞರ ಸಹಿ ಬಿದ್ದ ಮೇಲೆ ಕೊಡುವುದೆಂದು ನಾವು ಮುಂದಿನ ಮಾರ್ಗದ ಕರಾರಿನಲ್ಲಿ ಈಗಾಗಲೇ ಸೇರಿಸಿದ್ದೇವೆ.